ಹನ್ನೆರಡನೆಯ ಹರಳು

ತುಮಕೂರಿನ ಶಿರಾ ಗೇಟ್ ಬಳಿಯ ತರಬೇತಿ ಕಚೇರಿಯಲ್ಲಿ ಆ ಗುರುವಾರ ಜಗಳ ಶುರುವಾದದ್ದು ಕಾಗೆಬಂಗಾರದಿಂದ.

"ಅಭ್ರಕ ಅಂತಲೇ ಇರಲಿ," ಎಂದರು ಸದಾಶಿವಯ್ಯ ಮೇಷ್ಟ್ರು. ತುಮಕೂರಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು ಅವರು. "ಪುಸ್ತಕ ಅಂದಮೇಲೆ ಒಂದು ಗಾಂಭೀರ್ಯ ಬೇಡವೇನ್ರೀ?"

"ಇರ್ಲಿ ಬುಡಿ ಮೇಷ್ಟ್ರೇ, ಯಾರ್ ಬ್ಯಾಡ ಅಂದೋರು?" ಎಂದರು ಬೆಟ್ಟಸ್ವಾಮಿ. "ಆದ್ರೆ ಅಭ್ರಕ ಅಂದ್ರೆ ನಮ್ಮ ಹೈಕ್ಳು ಔಷಧಿ ಅಂಗ್ಡೀಗೆ ಹೋಯ್ತವೆ. ಕಾಗೆಬಂಗಾರ ಅನ್ನಿ, ಬಂಡೆ ಪದರ ಬುಡೋ ಜಾಗಕ್ಕೆ ಸೀದಾ ಕೈಯಿಟ್ಟು ತೋರುಸ್ತವೆ."

"ಕಾಗೆಗೂ ಬಂಗಾರಕ್ಕೂ ಏನಯ್ಯಾ ಸಂಬಂಧ?"

"ಅದ್ನ ಕಾಗೇನೇ ಕೇಳ್ಬೇಕು."

ಮಾನಸಾ ನಗುತ್ತಾ ಎರಡನ್ನೂ ಬರೆದುಕೊಂಡಳು. ಭೂವಿಜ್ಞಾನ ಓದಿದ ಆ ಹುಡುಗಿಯ ಮೇಲೆ ಒಂದು ಹೊಣೆ ಬಿದ್ದಿತ್ತು. ಕಲ್ಲಿನ ಕ್ವಾರಿ ಮತ್ತು ಕ್ರಷರುಗಳಲ್ಲಿ ದುಡಿಯುವವರಿಗಾಗಿ ಒಂದು ಪದಕೋಶ ಸಿದ್ಧವಾಗಬೇಕಿತ್ತು. ಕಲ್ಲಿನ ಜಾತಿ, ಕುಳಿ ಕೊರೆಯುವ ಬಗೆ, ಮದ್ದು ತುಂಬುವ ಕ್ರಮ, ಕ್ರಷರಿನ ಅಂಗಾಂಗಗಳು, ಎಲ್ಲದರ ಹೆಸರೂ ಅದರಲ್ಲಿ ಇರಬೇಕು. ಪ್ರತಿ ಹೆಸರಿನ ಕೆಳಗೆ ಅರ್ಥ, ಅರ್ಥದ ಕೆಳಗೆ ಎಚ್ಚರಿಕೆ. ಇಂಗ್ಲಿಷಿನ ನಾನೂರು ಶಬ್ದಗಳನ್ನು ಅವಳು ತಂದಿದ್ದಳು. ಭಾಷೆ ನೋಡಲು ಮೇಷ್ಟ್ರು ಬಂದರು. ಗುಡ್ಡದ ಮೇಲೆ ಆ ಶಬ್ದಗಳಿಗೆ ಏನನ್ನುತ್ತಾರೆ ಎಂದು ಹೇಳಲು, ಕುಣಿಗಲ್ ಕಡೆಯ ಕ್ವಾರಿಗಳಲ್ಲಿ ನಲವತ್ತು ವರ್ಷ ಸವೆಸಿದ್ದ ಬೆಟ್ಟಸ್ವಾಮಿ ಬಂದರು. ಸಿ.ಎಸ್. ಪುರದಿಂದ ಬಸ್ಸು ಹತ್ತಿ, ಗುಬ್ಬಿಯಲ್ಲಿ ಬದಲಿಸಿ, ಅವರು ಬರುತ್ತಿದ್ದದ್ದು ಇದು ಐದನೆಯ ಗುರುವಾರ.

ಅವರಿಗೆ ಎಪ್ಪತ್ತೆರಡಾಗಿತ್ತು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಹೆಗಲ ಮೇಲೆ ಟವಲು, ಎಡಗೈಯ ಕಿರುಬೆರಳಿಗೆ ಉಗುರಿಲ್ಲ. ಕಳೆದ ಕಾರ್ತಿಕದಲ್ಲಿ ಹೆಂಡತಿ ದೊಡ್ಡಗಂಗಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಈ ಗುರುವಾರಗಳಲ್ಲಿ ಮಾತ್ರ ಅವರ ನಾಲಿಗೆಗೆ ಹಳೆಯ ಚುರುಕು ಬರುತ್ತಿತ್ತು. ಹಿಂದಿನ ವಾರ, ಬಂಡೆಯನ್ನು ಎರಡು ಉಕ್ಕಿನ ಹಲಗೆಗಳ ನಡುವೆ ಅಗಿದು ಒಡೆಯುವ ಜಾ ಕ್ರಷರಿಗೆ ಮೇಷ್ಟ್ರು "ಹನು ಪುಡಿಕಾರಕ" ಎಂದು ಬರೆದು ತಂದಿದ್ದರು. ಸಂಸ್ಕೃತದಲ್ಲಿ ಹನು ಅಂದರೆ ದವಡೆಯಂತೆ. "ಹನುಮಂತರಾಯನ್ನ ಯಾಕ್ ಎಳ್ಕಬಂದ್ರಿ ಇದ್ರೊಳಕ್ಕೆ?" ಎಂದು ಬೆಟ್ಟಸ್ವಾಮಿ ಕೇಳಿದಾಗ ಮೇಷ್ಟ್ರಿಗೂ ನಗು ತಡೆಯಲಾಗಿರಲಿಲ್ಲ. ಆ ಶಬ್ದ ಅಲ್ಲಿಗೇ ಹೋಯಿತು.

ಮಾನಸಾ ಹಾಳೆ ತಿರುವಿದಳು. "ಮುಂದಿನದು ಮಿಸ್‌ಫೈರ್. ಬತ್ತಿ ಹಚ್ಚಿದ್ರೂ ಸಿಡಿಯದೆ ಉಳಿದದ್ದು. ಮೇಷ್ಟ್ರು 'ಅಸ್ಫೋಟಿತ ಕುಳಿ' ಅಂತ ಹಾಕಿದಾರೆ. ನೀವು ಏನಂತೀರಾ ತಾತ?"

"ಉಳಿದ ಕುಳಿ," ಎಂದರು ಬೆಟ್ಟಸ್ವಾಮಿ. ಅವರ ದನಿ ಸಣ್ಣದಾಗಿತ್ತು.

"ಅದೇ ಚೆನ್ನಾಗಿದೆ. ಅರ್ಥ, ಎಚ್ಚರಿಕೆ ಬರ್ದಿದೀನಿ. ಒಂದು ಉದಾಹರಣೆನೂ ಕೊಟ್ಟಿದೀನಿ, ಹಳೇ ವರದಿ ಫೈಲಲ್ಲಿ ಸಿಕ್ತು. ಕೇಳಿ." ಅವಳು ಓದಿದಳು. "ಎಂಟು ವರ್ಷಗಳ ಹಿಂದೆ ಕುಣಿಗಲ್ ಕಡೆಯ ಒಂದು ಕ್ವಾರಿಯಲ್ಲಿ ಹನ್ನೆರಡು ಕುಳಿಗಳಿಗೆ ಬೆಂಕಿ ಕೊಡಲಾಗಿತ್ತು. ಹನ್ನೊಂದು ಮಾತ್ರ ಸಿಡಿದವು. ಎಣಿಸುವವನು ಸರಿಯಾಗಿ ಎಣಿಸಿ ಎಚ್ಚರಿಸಿದ್ದರೂ ಆಳುಗಳ ಮೇಲ್ವಿಚಾರಕನಾದ ಮೇಟ್ ಅವಸರಪಟ್ಟು ಬಂಡೆಯ ಮೇಲೆ ಹೋಗಿ ಪ್ರಾಣ ಕಳೆದುಕೊಂಡ. ಅವನ ಅವಸರವೇ ಅವನಿಗೆ ಮೃತ್ಯುವಾಯಿತು."

ಫ್ಯಾನು ಕಿರುಗುಟ್ಟುತ್ತಿತ್ತು. ಕೆಳಗೆ ರಸ್ತೆಯಲ್ಲಿ ಬಸ್ಸುಗಳು ಹಾರನ್ನು ಒತ್ತುತ್ತಿದ್ದವು.

"ಕೊನೇ ವಾಕ್ಯ ಪರವಾಗಿಲ್ಲ," ಎಂದರು ಮೇಷ್ಟ್ರು. "ನೆನಪಲ್ಲಿ ಉಳಿಯುತ್ತೆ."

"ವರದೀಲಿ ಯಾರ ಹೆಸ್ರೂ ಇರ್ಲಿಲ್ಲ. ಆದ್ರೆ ಪ್ರತಿ ತರಬೇತೀಲೂ ಇದನ್ನ ಗಟ್ಟಿಯಾಗಿ ಓದಿ ಹೇಳ್ತೀವಿ," ಎಂದಳು ಮಾನಸಾ. "ಮುಂದಿನ ಗುರುವಾರ ಕೊನೆ ಸಲ ನೋಡಿ, ಶುಕ್ರವಾರ ಪ್ರೆಸ್ಸಿಗೆ ಕೊಡೋದು. ತಾತ? ಯಾಕ್ ತಾತ, ಹುಷಾರಿಲ್ವಾ?"

"ಒಸಿ ನೀರು ಕೊಡವ್ವ," ಎಂದರು ಬೆಟ್ಟಸ್ವಾಮಿ.

ಆ ಮೇಟ್ ಬೆಟ್ಟಸ್ವಾಮಿಯವರ ಮಗ ಚನ್ನೇಶ ಎಂಬುದು ಮಾನಸಾಗೆ ಗೊತ್ತಿರಲಿಲ್ಲ. ಎಣಿಸುವವನು ತನ್ನೆದುರು ಕೂತು ನೀರು ಕುಡಿಯುತ್ತಿರುವ ಈ ಮುದುಕನೇ ಎಂಬುದೂ ಗೊತ್ತಿರಲಿಲ್ಲ. ಅವಳು ಓದಿದ್ದು ನಿಜವಲ್ಲ ಎಂಬುದಂತೂ ಭೂಮಿಯ ಮೇಲೆ ಬೆಟ್ಟಸ್ವಾಮಿಯವರೊಬ್ಬರಿಗೇ ಗೊತ್ತಿತ್ತು.

ಗುಬ್ಬಿಗೆ ಹೋಗುವ ಬಸ್ಸಿನಲ್ಲಿ ಅವರಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ತೆಂಗಿನ ತೋಟಗಳು ಹಿಂದಕ್ಕೆ ಓಡುತ್ತಿದ್ದವು. ಅವರು ಅದನ್ನು ನೋಡುತ್ತಿರಲಿಲ್ಲ.

ಅವರು ದುಡಿದ ಕ್ವಾರಿಯಲ್ಲಿ ಒಂದು ಪದ್ಧತಿಯಿತ್ತು. ಗುಡ್ಡದ ಬುಡದ ಹೊಂಗೆಮರದ ಕೆಳಗೆ ಒಂದು ಗುಂಡುಕಲ್ಲನ್ನು ನಿಲ್ಲಿಸಿ, ವಿಭೂತಿ ಬಳಿದು, ಅದನ್ನೇ ಶಿವ ಎಂದು ನಂಬಿ ನಡೆಯುತ್ತಿದ್ದರು. ಅದರ ಮುಂದೆ ಬೆಣಚುಕಲ್ಲಿನ ಬಿಳಿ ಹರಳುಗಳ ಒಂದು ಗುಡ್ಡೆ. ಅಂದು ಎಷ್ಟು ಕುಳಿಗೆ ಮದ್ದು ತುಂಬಿದ್ದಾರೋ ಅಷ್ಟು ಹರಳುಗಳನ್ನು ಎಣಿಸುವವನು ಕೈಮುಗಿದು ಎತ್ತಿಕೊಂಡು ಮಡಿಲಿನ ಟವಲಿಗೆ ಹಾಕಿಕೊಳ್ಳುತ್ತಿದ್ದ. ಮುಂದೆ ಒಂದು ತೆಂಗಿನ ಚಿಪ್ಪು. ಬತ್ತಿಗೆ ಬೆಂಕಿ ಮುಟ್ಟಿಸಿ ಎಲ್ಲರೂ ದೂರ ಸರಿದ ಮೇಲೆ, ಒಂದೊಂದು ಕುಳಿ ಸಿಡಿದಾಗಲೂ ಒಂದೊಂದು ಹರಳು ಮಡಿಲಿನಿಂದ ಚಿಪ್ಪಿಗೆ ಬೀಳಬೇಕು. ಮಡಿಲು ಬರಿದಾದರೆ ಎಣಿಸುವವನು ಎದ್ದುನಿಂತು ಬರಿಯ ಅಂಗೈ ಎತ್ತಿ "ಶಿವಾ" ಎನ್ನುತ್ತಿದ್ದ. ಆಮೇಲೆಯೇ ಜನ ಬಂಡೆಯ ಹತ್ತಿರ ಹೋಗುವುದು. ಒಂದು ಹರಳು ಉಳಿದರೂ "ಮಡ್ಲಲ್ಲಿದೆ" ಎಂದು ಕೂಗುತ್ತಿದ್ದ. ಆಗ ಯಾರೂ ಕಾಲು ಎತ್ತಿಡುವಂತಿಲ್ಲ.

ಇಪ್ಪತ್ತು ವರ್ಷ ಆ ಮಡಿಲು ಬೆಟ್ಟಸ್ವಾಮಿಯವರದೇ ಆಗಿತ್ತು. ಒಂದು ದಿನವೂ ತಪ್ಪಿರಲಿಲ್ಲ. ಗುಬ್ಬಿಯ ಚನ್ನಬಸವೇಶ್ವರನಿಗೆ ಹರಕೆ ಹೊತ್ತು ಪಡೆದ ಒಬ್ಬನೇ ಮಗ, ಅದೇ ಕ್ವಾರಿಯಲ್ಲಿ ಬೆಳೆದು ಮೇಟ್ ಆಗಿ, ಅಪ್ಪನ ಅಂಗೈ ಏಳುವುದನ್ನು ಕಾಯುತ್ತಾ ನಿಲ್ಲುತ್ತಿದ್ದ.

ಆ ದಿನ ಮಾರ್ಗಶಿರದ ಚಳಿ. ಹನ್ನೆರಡು ಕುಳಿ, ಹನ್ನೆರಡು ಹರಳು. ಉಳಿದ ಆಳುಗಳು ಕ್ರಷರಿನ ತಿರುವಿನಲ್ಲಿ ಟಿಪ್ಪರುಗಳನ್ನು ತಡೆದು ನಿಂತಿದ್ದರು. ಅಲ್ಲಿ ಕ್ರಷರಿನ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಹೊಂಗೆಮರದ ಹತ್ತಿರ ಇದ್ದವರು ತಂದೆ ಮಗ ಇಬ್ಬರೇ. ಸಿಡಿತಗಳು ಒಂದರ ಹಿಂದೆ ಒಂದು ಬಂದವು. ಹರಳುಗಳು ಚಿಪ್ಪಿಗೆ ಬಿದ್ದವು. ಹನ್ನೊಂದು ಆಯಿತು. ಬರಬೇಕಾದ ಹೊತ್ತಿಗೆ ಸರಿಯಾಗಿ ಇನ್ನೊಂದು ಸದ್ದು ಬಂತು. ಕೊನೆಯ ಹರಳೂ ಚಿಪ್ಪಿಗೆ ಬಿತ್ತು.

"ಅಪ್ಪಾ, ಪೂರಾ ಬಂತಾ?" ಎಂದು ಚನ್ನೇಶ ಕೇಳಿದ. ಪ್ರತಿ ಸಲವೂ ಹಾಗೆಯೇ ಕೇಳುತ್ತಿದ್ದ.

ಬೆಟ್ಟಸ್ವಾಮಿ ಎದ್ದು ಬರಿಯ ಅಂಗೈ ತೋರಿಸಿ "ಶಿವಾ" ಎಂದರು. ಚನ್ನೇಶ ಹೊಗೆ ಇಳಿಯಲು ಬಿಟ್ಟು, ಸಡಿಲಾದ ಕಲ್ಲುಗಳನ್ನು ಕೆಡವಲು ಹಾರೆ ಹಿಡಿದು ಹತ್ತಿದ. ಹಾರೆ ಹಾಕಿದ ಕಡೆಯೇ ಹನ್ನೆರಡನೆಯ ಕುಳಿಯಿತ್ತು.

ಹನ್ನೆರಡನೆಯ ಸದ್ದು ಎಲ್ಲಿಂದ ಬಂದದ್ದು ಎಂಬುದು ಅವರಿಗೆ ಅದೇ ಸಂಜೆ ತಿಳಿಯಿತು. ಎದುರಿನ ಗುಡ್ಡವನ್ನು ಬೇರೊಬ್ಬರು ಆ ತಿಂಗಳಷ್ಟೇ ನೆಟ್ಟಗೆ ಕಡಿದು ಗೋಡೆಯಂತೆ ನಿಲ್ಲಿಸಿದ್ದರು. ಮೊದಲ ಹತ್ತು ಸಿಡಿತಗಳ ಮರುದನಿ ಅದರ ಹಿಂದೆಯೇ ಬಂದ ಸಿಡಿತದಲ್ಲೇ ಮುಳುಗಿಹೋಗಿತ್ತು. ಹನ್ನೊಂದನೆಯದರ ಮರುದನಿಗೆ ಮಾತ್ರ ಮುಚ್ಚಿಕೊಳ್ಳಲು ಇನ್ನೊಂದು ಸಿಡಿತ ಇರಲಿಲ್ಲ. ಅದು ಆ ಗೋಡೆಗೆ ತಾಗಿ, ಒಂಟಿಯಾಗಿ ಹಿಂದಿರುಗಿ ಬಂದು, ಇಪ್ಪತ್ತು ವರ್ಷದ ಕಿವಿಯನ್ನು ವಂಚಿಸಿತು.

ಅಷ್ಟೇ ಆಗಿದ್ದರೆ ಅದು ತಪ್ಪು ಮಾತ್ರ ಆಗಿರುತ್ತಿತ್ತು. ಮಗನನ್ನು ಜೀಪಿನಲ್ಲಿ ಹಾಕಿಕೊಂಡು ಹೋದ ಮೇಲೆ ಬೆಟ್ಟಸ್ವಾಮಿ ಹೊಂಗೆಮರದ ಕೆಳಗೆ ಒಬ್ಬರೇ ಕುಸಿದು ಕೂತಿದ್ದರು. ವಿಚಾರಣೆಯವರು ಬರುತ್ತಿದ್ದಾರೆ ಎಂದು ಯಾರೋ ಕೂಗಿದರು. ಚಿಪ್ಪಿನಲ್ಲಿ ಹನ್ನೆರಡು ಹರಳುಗಳಿದ್ದವು. ಅವರ ಕೈ ಚಿಪ್ಪಿಗೆ ಹೋಯಿತು, ಒಂದು ಹರಳನ್ನು ಎತ್ತಿತು, ಎಲೆಅಡಿಕೆಯ ಸಂಚಿಯೊಳಗೆ ಹಾಕಿತು. ಬಂದವರು ಚಿಪ್ಪನ್ನು ಬಗ್ಗಿಸಿ ಎಣಿಸಿದರು. ಹನ್ನೊಂದು. "ಹನ್ನೊಂದೇ ಅಂತ ಕೂಗಿ ಹೇಳಿದ್ರಾ? ಆದ್ರೂ ಹೋದ್ನಾ ನಿಮ್ಮ ಮಗ?" ಎಂದು ಕೇಳಿದರು. ಬೆಟ್ಟಸ್ವಾಮಿ ತಲೆಯಾಡಿಸಿದರು.

ಯಾಕೆ ಹಾಗೆ ಮಾಡಿದೆ ಎಂದು ಅವರು ಶಿವನ ಮುಂದೆ ಎಷ್ಟೋ ಸಲ ತಮ್ಮನ್ನೇ ಕೇಳಿಕೊಂಡಿದ್ದರು. ಅಪ್ಪನೇ ಮಗನನ್ನು ಕೊಂದ ಎನ್ನುತ್ತಾರೆಂಬ ಭಯ ಒಂದು. ಆಗಲೇ ಹಾಸಿಗೆ ಹಿಡಿದಿದ್ದ ದೊಡ್ಡಗಂಗಮ್ಮ ಆ ಮಾತು ಕೇಳಿ ಬದುಕಲಾರಳು ಎಂಬುದು ಇನ್ನೊಂದು. ಆದರೆ ಅವಳು ಬದುಕಿದಳು, ಏಳು ವರ್ಷಕ್ಕೂ ಮೇಲೆ. ಕಾರ್ತಿಕದಲ್ಲಿ ಬಾಯಿಗೆ ನೀರು ಬಿಡುವಾಗ ಕೂಡ ಕೇಳಿದಳು, "ಎಣಿಕೆ ಸರಿಯಾಗಿತ್ತೇನ್ರೀ?" ಅಂತ. "ಇತ್ತು ಕಣೇ," ಎಂದರು ಅವರು. ಅವಳು ಆ ಸುಳ್ಳನ್ನು ಕಟ್ಟಿಕೊಂಡು ಹೋದಳು.

ಸಿ.ಎಸ್. ಪುರದಲ್ಲಿ ಬಸ್ಸಿಳಿದು ಮನೆ ಸೇರುವ ಹೊತ್ತಿಗೆ ಸೊಸೆ ಮಧುಶ್ರೀ ಕೆಲಸದಿಂದ ಬಂದಿದ್ದಳು. ಗಂಡ ಸತ್ತ ಮೇಲೆ ಅವಳು ಗುಬ್ಬಿ ರಸ್ತೆಯ ಒಂದು ಕ್ರಷರಿನ ವೇಬ್ರಿಡ್ಜಿನಲ್ಲಿ ಟಿಪ್ಪರುಗಳ ತೂಕ ಬರೆಯುವ ಕೆಲಸಕ್ಕೆ ಸೇರಿದ್ದಳು. ದಿನವಿಡೀ ಜಲ್ಲಿಯ ಧೂಳು. ಸಂಜೆ ಬಚ್ಚಲಿನಿಂದ ಹೊರಬರುವ ತನಕ ಅವಳ ಕೂದಲು ಮುದುಕಿಯ ಕೂದಲಿನಂತೆ ಬೆಳ್ಳಗಿರುತ್ತಿತ್ತು.

ಮೊಮ್ಮಗಳು ಇಂಪನಾ ಬಾಗಿಲಲ್ಲೇ ಹಿಡಿದಳು. ಅವಳಿಗೆ ಹದಿನಾಲ್ಕು. "ತಾತ, ಬುಕ್ಕಲ್ಲಿ ನಿನ್ ಹೆಸ್ರು ಹಾಕ್ತಾರಂತೆ, ಹೌದಾ? ಅಮ್ಮ ಹೇಳ್ತು. ಒಂದ್ ಕಾಪಿ ಈಸ್ಕೊಂಡ್ ಬಾ. ನಮ್ಮ ಸೈನ್ಸ್ ಮಿಸ್ಸಿಗೆ ತೋರುಸ್ಬೇಕು. ಎಲ್ರಿಗೂ ಹೇಳ್‌ಬುಟ್ಟಿದೀನಿ."

"ಹೇಳ್‌ಬುಟ್ಟಾ ಆಗ್ಲೇ?"

"ಹ್ಞೂಂ. ಫುಲ್ ಓದ್ತೀನಿ ನಾನು, ಒಂದ್ ಪದಾನೂ ಬಿಡಲ್ಲ."

ಹಾಗೆಂದು ಓಡುವಾಗ ಹೊಸ್ತಿಲು ಎಡವಿದಳು. ಒಳಗಿನಿಂದ ಮಧುಶ್ರೀಯ ದನಿ ಬಂತು, "ನಿಧಾನ ಕಣೇ! ನಿಮ್ಮಪ್ಪನ ಅವಸರವೇ ಬಂದೈತೆ ನಿಂಗೂ. ಅವಸರ ಬಿದ್ದೇ ಹೋದ್ರು ಅವ್ರು, ನಮ್ಮನ್ನೂ ಬಿಟ್ಟು."

ಅದು ಎಂಟು ವರ್ಷದಿಂದ ಆ ಮನೆಯಲ್ಲಿ ಒಗ್ಗರಣೆಯಷ್ಟೇ ಮಾಮೂಲಿಯಾದ ಮಾತು. ಹಾಲು ಉಕ್ಕಿದರೂ, ಬಸ್ಸು ತಪ್ಪಿದರೂ ಅದೇ ಮಾತು. ಮಧುಶ್ರೀ ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಹೇಳಿ ಹೇಳಿ ಅದರ ಮೊನೆ ಸವೆದಿತ್ತು. ಅಪ್ಪನ ವಿಷಯವಾಗಿ ಆ ಮಗುವಿಗೆ ಗೊತ್ತಿದ್ದದ್ದು ಅದೊಂದೇ. ಬೆಟ್ಟಸ್ವಾಮಿ ಎಂದಿನಂತೆ ಕೇಳಿಸಿಕೊಂಡರು. ಆದರೆ ಅಂದು ಅರ್ಧ ಊಟಕ್ಕೇ ಕೈ ತೊಳೆದರು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ದೇವರ ಮುಂದೆ ಕೂತು ವಿಭೂತಿಯ ಡಬ್ಬಿ ತೆರೆದರು. ವಿಭೂತಿ ಗಟ್ಟಿಯ ಪಕ್ಕದಲ್ಲಿ ಆ ಬಿಳಿಯ ಹರಳು ಇತ್ತು. ಎಸೆಯಲು ಧೈರ್ಯ ಬಂದಿರಲಿಲ್ಲ, ಬೇರೆಲ್ಲೂ ಇಡಲು ಮನಸ್ಸು ಒಪ್ಪಿರಲಿಲ್ಲ. ಅದನ್ನು ದಾಟಿಯೇ ಬೆರಳು ವಿಭೂತಿಗೆ ಹೋಗಬೇಕಿತ್ತು. ಪ್ರತಿದಿನವೂ ಹಾಗೆಯೇ ಹೋಗುತ್ತಿತ್ತು.

ಪೂಜೆ ಮುಗಿಸಿ ಮಾನಸಾಗೆ ಫೋನು ಮಾಡಿದರು.

"ಅವ್ವ, ಆ ಉಳಿದ ಕುಳಿ ಕೆಳ್ಗೆ ಬರ್ದಿದೀಯಲ್ಲ, ಒಂದ್ ಕತೆ. ಅದನ್ನ ತೆಗ್ದಾಕ್‌ಬುಡು."

"ಯಾಕ್ ತಾತ? ಅದು ತಪ್ಪಾ?"

ಬೆಟ್ಟಸ್ವಾಮಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು.

"ಇಡೀ ಪುಸ್ತಕದಲ್ಲಿ ಜನಕ್ಕೆ ನೆನಪಿರೋದು ಅದೊಂದೇ ತಾತ," ಎಂದಳು ಮಾನಸಾ. "ತಪ್ಪಿದ್ರೆ ಹೇಳಿ, ತಿದ್ದೋಣ. ಸುಮ್ಸುಮ್ನೆ ತೆಗೀರಿ ಅಂದ್ರೆ ಹೆಂಗ್ ತೆಗೀಲಿ? ಈಗ ಎಲ್ಲಾ ಕಡೆ ಗುಡ್ಡ ಕಡೀತಾವ್ರೆ. ಒಂದ್ ಜೀವ ಉಳಿದ್ರೂ ಸಾಕಲ್ವಾ?"

ಫೋನು ಇಟ್ಟ ಮೇಲೆ ಆ ಕೊನೆಯ ಮಾತು ಅವರನ್ನು ಬಿಡಲಿಲ್ಲ. ಅವಳು ಬರೆದಂತೆ ಅಚ್ಚಾದರೆ ಓದಿದವರು ಏನು ಕಲಿಯುತ್ತಾರೆ? ಅವಸರಪಡಬಾರದು ಎಂದು ಕಲಿಯುತ್ತಾರೆ. ಚನ್ನೇಶ ಅವಸರವನ್ನೇ ಪಟ್ಟಿರಲಿಲ್ಲ. ಕೇಳಿ, ಕಾದು, ಹೊಗೆ ಇಳಿಯಲು ಬಿಟ್ಟು ಹೋಗಿದ್ದ. ಎದುರಿಗೆ ಹೊಸದಾಗಿ ಕಡಿದ ಬಂಡೆಯಿದ್ದರೆ ಕಿವಿಯನ್ನು ನಂಬಬೇಡ ಎಂದು ಆ ಪುಸ್ತಕ ಯಾರಿಗೂ ಹೇಳುವುದಿಲ್ಲ. ಇನ್ನೊಂದು ಕ್ವಾರಿಯಲ್ಲಿ ಇನ್ನೊಬ್ಬ ಅಪ್ಪ ಮಡಿಲಲ್ಲಿ ಹರಳಿಟ್ಟುಕೊಂಡು ಕೂತಿರಬಹುದು. ಅವನ ಎದುರಿಗೂ ಗೋಡೆ ಎದ್ದಿರಬಹುದು.

ವಾರವೆಲ್ಲ ಅವರು ಜಗಲಿಯ ಮೇಲೆಯೇ ಕೂತಿದ್ದರು. ಪಕ್ಕದ ಮನೆಯ ರಂಗಲಕ್ಷ್ಮಮ್ಮ, "ಏನ್ ಬೆಟ್ಟಣ್ಣ, ಪುಸ್ತಕ ಬರೆಯೋರೆಲ್ಲ ಹಿಂಗೇ ಮೂಗರಾಗೋಯ್ತಾರಾ?" ಎಂದು ಕೆಣಕಿದಳು.

ಬುಧವಾರ ಸಂಜೆ ಸೊಸೆಯನ್ನು ಕರೆದರು. "ಮಧು, ನಾಳೆ ಒಂದ್ ದಿವ್ಸ ರಜಾ ಹಾಕವ್ವ. ನನ್ ಜೊತೆ ತುಮಕೂರಿಗೆ ಬರ್ಬೇಕು ನೀನು."

"ಯಾಕ್ ಮಾವ, ಡಾಕ್ಟ್ರತ್ರನಾ?"

"ಅಲ್ಲ. ಅಲ್ಲೇ, ಪುಸ್ತಕದ ಆಫೀಸಿಗೆ."

"ನಂಗೇನ್ ಗೊತ್ತಾಗುತ್ತೆ ಅಲ್ಲಿ? ಬೇಬಿ ಜಲ್ಲಿ ಎಷ್ಟ್ ಟನ್ನು ಅಂದ್ರೆ ಹೇಳ್ತೀನಿ." ನಗಲು ಹೋದವಳು ಅವರ ಮುಖ ನೋಡಿ ನಿಲ್ಲಿಸಿದಳು. "ಆಯ್ತು ಮಾವ. ಬರ್ತೀನಿ."

ಮನೆಯಲ್ಲೇ ಅವಳೊಬ್ಬಳಿಗೆ ಹೇಳಬಹುದಿತ್ತು. ಆದರೆ ಮನೆಯಲ್ಲಿ ಹೇಳಿದರೆ ಅವಳು ಅಳುತ್ತಾಳೆ, ಅವರೂ ಅಳುತ್ತಾರೆ, ಆ ಅಳುವಿನಲ್ಲೇ ಪುಸ್ತಕದ ಮಾತು ಕರಗಿಹೋಗುತ್ತದೆ ಎಂದು ಅವರಿಗೆ ಹೆದರಿಕೆ. ತಾವು ಹೇಳಿದ್ದನ್ನು ಯಾರಾದರೂ ಬರೆದುಕೊಳ್ಳಬೇಕು. ಬರೆದದ್ದನ್ನು ಮತ್ತೆ ಸಂಚಿಗೆ ಹಾಕಿಕೊಳ್ಳಲು ಬರಬಾರದು.

ಕಚೇರಿಯಲ್ಲಿ ಮೇಷ್ಟ್ರು ಆಗಲೇ ಕೆಂಪು ಪೆನ್ನು ಹಿಡಿದು ಕೂತಿದ್ದರು. ಮಧುಶ್ರೀಯನ್ನು ಕಂಡು, "ಓಹೋ, ಇವತ್ತು ನಿಮ್ಮ ಕಡೆ ಇಬ್ಬರು! ಕಾಗೆಬಂಗಾರಕ್ಕೆ ಸಾಕ್ಷಿ ಕರ್ಕೊಂಡು ಬಂದಿದೀರೇನ್ರೀ?" ಎಂದರು.

"ಹೂಂ ಮೇಷ್ಟ್ರೇ, ಸಾಕ್ಷಿಗೇ ಕರ್ಕಬಂದಿದೀನಿ," ಎಂದರು ಬೆಟ್ಟಸ್ವಾಮಿ. "ಕಾಗೆಬಂಗಾರಕ್ಕಲ್ಲ."

ಅವರು ಕೂರಲಿಲ್ಲ. ಟವಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮಠದಲ್ಲಿ ಗುರುಗಳ ಮುಂದೆ ನಿಲ್ಲುವಾಗ ಹಾಗೆ ಹಿಡಿಯುತ್ತಿದ್ದರು. "ಅವ್ವ ಮಾನಸಾ, ಆ ಉಳಿದ ಕುಳಿದು ಇನ್ನೊಂದ್ ಸಲ ಓದು. ಈ ನನ್ ಸೊಸೆ ಕೇಳ್ಲಿ."

ಮಾನಸಾ ಓದಿದಳು. ಎರಡನೆಯ ವಾಕ್ಯಕ್ಕೇ ಮಧುಶ್ರೀಗೆ ತಿಳಿಯಿತು. ಅವಳು ಕುರ್ಚಿಯ ಕೈ ಹಿಡಿದುಕೊಂಡಳು. "ಮಾವ, ಇದು ನಮ್ಮೋರ್ದು," ಎಂದಳು. "ಇದನ್ ಕೇಳ್ಸಕ್ಕೆ ನನ್ನ ಇಲ್ಲೀಗಂಟ ಕರ್ಕಬಂದ್ರಾ?"

ಮಾನಸಾ ಹಾಳೆಯನ್ನು ಮೇಜಿನ ಮೇಲೆ ಇಟ್ಟಳು. "ನಂಗೊತ್ತಿರ್ಲಿಲ್ಲ ಅಕ್ಕ. ನಿಜವಾಗ್ಲೂ ಗೊತ್ತಿರ್ಲಿಲ್ಲ."

"ನಿಂದೇನೂ ತಪ್ಪಿಲ್ಲ ಕಣವ್ವ. ಫೈಲಲ್ಲಿ ಇದ್ದದ್ದನ್ನ ಬರ್ದೆ. ಫೈಲಲ್ಲೇ ಸುಳ್ಳಿತ್ತು." ಬೆಟ್ಟಸ್ವಾಮಿ ಸಂಚಿಯಿಂದ ಹರಳನ್ನು ತೆಗೆದು ಮೇಜಿನ ಮೇಲೆ, ಹಾಳೆಗಳ ಪಕ್ಕದಲ್ಲಿ ಇಟ್ಟರು. ವಿಭೂತಿಯ ಪುಡಿ ಅಂಟಿ ಅದು ಮಬ್ಬಾಗಿತ್ತು. "ಎಣಿಸ್ದೋನು ನಾನು. ಹನ್ನೆರಡು ಹರಳನ್ನೂ ಚಿಪ್ಪಿಗಾಕ್ದೆ. ಎದುರು ಗುಡ್ಡದಿಂದ ಬಂದ ಮರುದನೀನ ಸಿಡಿತ ಅಂದ್ಕಂಡೆ. 'ಅಪ್ಪಾ, ಪೂರಾ ಬಂತಾ?' ಅಂತ ಕೇಳ್ದ. ಬಂತು ಅಂತ ಕೈ ತೋರುಸ್ದೆ. ಅವ್ನು ನನ್ ಕೈ ನೋಡ್ಕಂಡೇ ಹೋಗಿದ್ದು. ಆಮೇಲೆ ಸಾಹೇಬ್ರು ಬರೋಕ್ ಮುಂಚೆ ಇದೊಂದನ್ನ ಚಿಪ್ಪಿಂದ ಎತ್ತಿಟ್ಕಂಡೆ. ಅವ್ರಿಗೆ ಹನ್ನೊಂದು ಸಿಕ್ತು."

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು.

ಮಧುಶ್ರೀ ಹರಳನ್ನು ನೋಡಿದಳು. ಆಮೇಲೆ ಕೇಳಿದಳು, "ಅತ್ತೆಗೆ ಗೊತ್ತಿತ್ತಾ?"

"ಇಲ್ಲ."

"ಕೇಳ್ತಿತ್ತಲ್ಲ ಅತ್ತೆ, ಪ್ರತಿ ಅಮಾಸೆಗೂ?"

"ಕೇಳೋಳು. ಪ್ರತಿ ಸಲಾನೂ ಸುಳ್ಳೇಳ್ದೆ."

"ಎಂಟ್ ವರ್ಷ," ಎಂದಳು ಮಧುಶ್ರೀ. ಅವಳ ದನಿ ಏರಲಿಲ್ಲ. "ಎಂಟ್ ವರ್ಷ ಆ ಮಗೂಗೆ ನಾನು ಅವ್ರ ಅವಸರ, ಅವ್ರ ಅವಸರ ಅಂತ ಹೇಳ್ಕಂಡ್ ಬಂದೆ. ನೀವು ಅಲ್ಲೇ ಕೂತು ಕೇಳ್ತಿದ್ರಿ. ಒಂದ್ ಸಲ, 'ಹಂಗನ್ಬೇಡ ಮಧು' ಅನ್ಬೋದಿತ್ತಲ್ಲ ಮಾವ. ಅಷ್ಟಾದ್ರೂ ಅನ್ಬೋದಿತ್ತಲ್ಲ."

"ಅನ್ಬೋದಿತ್ತು," ಎಂದರು ಬೆಟ್ಟಸ್ವಾಮಿ.

ಮಾನಸಾ ತಗ್ಗಿದ ದನಿಯಲ್ಲಿ, "ತಾತ, ಇದನ್ನ ನಾನು ಬರೀ ಪುಸ್ತಕದಲ್ಲಿ ತಿದ್ದಿ ಸುಮ್ನಿರಕ್ಕಾಗಲ್ಲ. ಮೇಲಿನವ್ರಿಗೂ ಬರೀಬೇಕಾಗುತ್ತೆ. ನಿಮ್ಮನ್ನ ಕರ್ಸಿ ಕೇಳ್ಬೋದು," ಎಂದಳು.

"ಬರಿಯವ್ವ. ಕರ್ದಲ್ಲಿಗೆ ಬತ್ತೀನಿ."

ಮೇಷ್ಟ್ರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ಆ ಉದಾಹರಣೆಯ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದರು. ನೆನಪಲ್ಲಿ ಉಳಿಯುತ್ತದೆ ಎಂದು ತಾವೇ ಹೊಗಳಿದ್ದ ಕೊನೆಯ ವಾಕ್ಯದ ಮೇಲೆ ಎರಡು ಸಲ ಎಳೆದರು. "ನೀವು ಹೇಳ್ತಾ ಹೋಗಿ ಬೆಟ್ಟಸ್ವಾಮಿ," ಎಂದರು. "ಹೇಳಿದ ಹಾಗೇ ಬರೀತೀನಿ. ನಂದೇನೂ ಸೇರಿಸಲ್ಲ."

ಬೆಟ್ಟಸ್ವಾಮಿ ಹೇಳಿದರು. ಮೇಷ್ಟ್ರು ಬರೆದು, ಕನ್ನಡಕ ಒರೆಸಿಕೊಂಡು, ಓದಿದರು. "ಹನ್ನೆರಡು ಕುಳಿಗಳಲ್ಲಿ ಹನ್ನೊಂದು ಸಿಡಿದವು. ಎದುರಿಗೆ ಹೊಸದಾಗಿ ಕಡಿದ ಬಂಡೆಯ ಗೋಡೆಯಿತ್ತು. ಅದರಿಂದ ಹಿಂದಿರುಗಿದ ಮರುದನಿಯನ್ನು ಎಣಿಸುವವನು ಹನ್ನೆರಡನೆಯ ಸಿಡಿತ ಎಂದು ತಿಳಿದ. ಮೇಟ್ ಕೇಳಿಕೊಂಡು, ಕಾದು, ಅವನ ಮಾತು ನಂಬಿ ಬಂಡೆಯ ಮೇಲೆ ಹೋದ. ಮೇಟ್‌ನ ತಪ್ಪು ಇರಲಿಲ್ಲ. ಎದುರಿಗೆ ಗೋಡೆಯಿದ್ದಲ್ಲಿ ಕಿವಿಯ ಎಣಿಕೆ ಸಾಲದು. ಎಣಿಕೆ ಪೂರಾ ಬಂದರೂ ಅರ್ಧ ಗಂಟೆ ಕಾದು, ದೂರದಿಂದ ಒಂದೊಂದು ಕುಳಿಯನ್ನೂ ಕಣ್ಣಿನಿಂದ ನೋಡಿಕೊಳ್ಳಬೇಕು." ಅಲ್ಲಿಗೆ ನಿಲ್ಲಿಸಿ ತಲೆಯೆತ್ತಿದರು. "ಇಷ್ಟು ಸಾಕು ಅಲ್ವೇ? ಎಣಿಸಿದವರು ಯಾರು ಅಂತ ಬೇಡ."

"ಬೇಕು," ಎಂದರು ಬೆಟ್ಟಸ್ವಾಮಿ. "ಎಣಿಸ್ದೋನು ಅವ್ನ ಅಪ್ಪ ಅಂತ ಬರೀರಿ. ಇಪ್ಪತ್ ವರ್ಷ ಎಣಿಸ್ದೋನು ಅಂತ್ಲೂ ಬರೀರಿ. ಇಲ್ದಿದ್ರೆ ಓದ್ದೋನು, ಯಾವನೋ ಹೊಸಬ ಇರ್ಬೇಕು ಬುಡು, ನಂಗಾಗಲ್ಲ ಇದು ಅಂತಾನೆ."

ಮೇಷ್ಟ್ರು ಬರೆದರು.

ಮಾನಸಾ ಹರಳನ್ನು ಮುಟ್ಟದೆ, "ಇದು?" ಎಂದು ಕೇಳಿದಳು. "ವಿಚಾರಣೆಗೆ ಬೇಕಾಗ್ಬೋದು."

"ಬೇಕಾದಾಗ ಕೊಡ್ತೀನಿ," ಎಂದಳು ಮಧುಶ್ರೀ. ಮಾವನ ಮುಖ ನೋಡದೆ ಮೇಜಿಗೆ ಬಾಗಿ ಹರಳನ್ನು ಎತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. "ಅಲ್ಲೀಗಂಟ ನನ್ ಹತ್ರ ಇರ್ಲಿ."

ಹಿಂದಿರುಗುವಾಗ ಬಸ್ಸು ಖಾಲಿಯಿತ್ತು. ಮಧುಶ್ರೀ ಮುಂದೆ ಹೆಂಗಸರ ಸೀಟಿನಲ್ಲಿ ಹೋಗಿ ಕೂತಳು. ಬೆಟ್ಟಸ್ವಾಮಿ ಹಿಂದೆ ಕೂತು ಅವಳ ಬೆನ್ನನ್ನೇ ನೋಡುತ್ತಿದ್ದರು. ಗುಬ್ಬಿಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವಾಗಲೂ ಅವಳು ದೂರವೇ ನಿಂತಳು. ಚನ್ನಬಸವೇಶ್ವರನ ಗುಡಿಯ ದಿಕ್ಕಿಗೆ ತಿರುಗಿ ಬೆಟ್ಟಸ್ವಾಮಿ ಕೈಮುಗಿದರು. ಏನನ್ನೂ ಬೇಡಿಕೊಳ್ಳಲು ಅವರಿಗೆ ನಾಲಿಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ದೇವರ ಮುಂದೆ ಕೂತರು. ಡಬ್ಬಿ ತೆರೆದಾಗ ಬೆರಳು ಅಭ್ಯಾಸದಂತೆ ಒಂದು ಕಡೆ ಸರಿದು, ಅಲ್ಲಿ ಏನೂ ಇಲ್ಲವೆಂದು ತಿಳಿದು, ನಿಂತಿತು. ಆಮೇಲೆ ನೇರವಾಗಿ ವಿಭೂತಿಗೆ ಹೋಯಿತು.

ಹೊರಗೆ ಇಂಪನಾಳ ಗಲಾಟೆ ನಡೆದಿತ್ತು. ಬಸ್ಸಿಗೆ ಹೊತ್ತಾಗಿತ್ತು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಕೈಯಲ್ಲಿ, ಬಾಯಲ್ಲಿ ರೊಟ್ಟಿ. ಊಟದ ಡಬ್ಬಿಯ ಮುಚ್ಚಳ ಕೈಜಾರಿ ಉರುಳುತ್ತಾ ಹೋಯಿತು.

"ನಿಧಾನ ಕಣೇ! ನಿಮ್ಮಪ್ಪ..." ಎಂದ ಮಧುಶ್ರೀ ಅಲ್ಲಿಗೇ ನಿಂತಳು. ಒಳಗೆ ಬೆಟ್ಟಸ್ವಾಮಿಯವರ ಕೈ ಹಣೆಯ ಹತ್ತಿರ ನಿಂತಿತು.

"ಏನಮ್ಮಾ? ನಮ್ಮಪ್ಪ ಏನು?"

"ನಿಮ್ಮಪ್ಪ ಕೇಳ್ಕಂಡೇ ಹೋಗಿದ್ದು ಕಣೇ," ಎಂದಳು ಮಧುಶ್ರೀ. "ಎಲ್ಲಾ ಸರಿಯಾಗಿ ಕೇಳ್ಕಂಡು, ಕಾದು ಹೋಗಿದ್ದು. ಸಾಯಂಕಾಲ ಬಾ, ಕೂತ್ಕಂಡು ಹೇಳ್ತೀನಿ. ಈಗ ಬಸ್ ಬಂತು, ಓಡು."

ಇಂಪನಾ ಓಡಿದಳು. ಸ್ವಲ್ಪ ಹೊತ್ತಿನ ಮೇಲೆ ಮಧುಶ್ರೀ ದೇವರ ಕೋಣೆಯ ಬಾಗಿಲಿಗೆ ಬಂದು, ಕಾಫಿಯ ಲೋಟವನ್ನು ಹೊಸ್ತಿಲ ಆಚೆ ಇಟ್ಟಳು. ಪ್ರತಿದಿನ "ಮಾವ, ಕಾಫಿ" ಎನ್ನುತ್ತಿದ್ದಳು. ಇಂದು ಅನ್ನಲಿಲ್ಲ. ಲೋಟ ಕಲ್ಲಿಗೆ ತಾಗಿದ ಸದ್ದು ಮಾತ್ರ ಕೇಳಿತು. ಅವಳ ಸೆರಗಿನ ತುದಿಯಲ್ಲಿ ಗಂಟು ಹಾಗೆಯೇ ಇತ್ತು.

ಬೆಟ್ಟಸ್ವಾಮಿ ಹಣೆಗೆ ಮೂರು ಗೆರೆ ಎಳೆದುಕೊಂಡು, ಎದ್ದು ಬಂದು, ಹೊಸ್ತಿಲ ಪಕ್ಕದಲ್ಲಿ ಕೂತು ಕಾಫಿ ಕುಡಿದರು.